ತಪ್ಪಿಹೋದ ಬಸ್ಸು ಮತ್ತೆ ಬರುತ್ತದೆ

 

ಪ್ರಿಯ ಯೌವನಸ್ಥರೇ, ರೋಮಾಪುರದವರಿಗೆ ಬರೆದ ಪತ್ರಿಕೆ 10ನೇ ಅಧ್ಯಾಯ, 17ನೇ ವಚನ ತೆಗೆಯಿರಿ. ನಂಬಿಕೆ ಹುಟ್ಟೋದು ಕೇಳೋದರಿಂದ ಅಂತ ಪೌಲನು ಹೇಳ್ತಾನೆ. ನೋಡೋದರಿಂದ ಅಂತ ಹೇಳಲಿಲ್ಲ, ಗಮನಿಸಿ. ನಾವೀಗ ಎಲ್ಲವನ್ನೂ ನೋಡುವ ಕಾಲದಲ್ಲಿದ್ದೀವಿ. ಮೂವತ್ತು ಸೆಕೆಂಡಿನ ಪ್ರಸಂಗ, ಇಷ್ಟ ಆಗದಿದ್ದರೆ ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳಿಬಿಡ್ತೀವಿ. ಹಾಗಾಗಿ ಇವತ್ತು ಕೇಳಿಸಿಕೊಂಡೇ ಬದುಕಿದ ಒಬ್ಬ ತಾಯಿಯ ವಿಷಯ ಹೇಳ್ತೀನಿ. ಆಕೆ ನನ್ನ ಅಜ್ಜಿ.

ಮಲವಗೊಪ್ಪದಲ್ಲಿ ಮುಚ್ಚಿಹೋದ ಸಕ್ಕರೆ ಕಾರ್ಖಾನೆ ನಿಮಗೆಲ್ಲ ಗೊತ್ತು. ಅದರ ಹತ್ತಿರವೇ ನಮ್ಮ ಹಂಚಿನ ಮನೆ. ಮನೆಯಲ್ಲಿ ಒಂದು ಹಳೇ ರೇಡಿಯೋ. ಹಗಲೆಲ್ಲ ಅದರಲ್ಲಿ ಭದ್ರಾವತಿ ಆಕಾಶವಾಣಿ. 1965ರಲ್ಲಿ ಶುರುವಾದ ನಮ್ಮೂರಿನ ಸ್ಟೇಷನ್ ಅದು, ಸೂಜಿ ತಿರುಗಿಸೋದೇ ಬೇಡ, ತಾನಾಗಿ ಕೇಳ್ತಿತ್ತು. ರಾತ್ರಿ ಆದ ಮೇಲೆ ಅಜ್ಜಿ ಮೆಲ್ಲಗೆ ಸೂಜಿ ತಿರುಗಿಸೋರು. ಗರಗರ ಸದ್ದಿನ ಮಧ್ಯೆ ಕನ್ನಡದಲ್ಲಿ ದೇವರ ವಾಕ್ಯ ಬರ್ತಿತ್ತು.

ಎಲ್ಲಿಂದ ಬರ್ತಿತ್ತು ಗೊತ್ತಾ? ಶ್ರೀಲಂಕಾದ ಪುತ್ತಲಂನಿಂದ. ಇಲ್ಲಿಗೆ ಸುಮಾರು 800 ಕಿಲೋಮೀಟರ್. ಟ್ರಾನ್ಸ್ ವರ್ಲ್ಡ್ ರೇಡಿಯೋ ಅನ್ನೋ ಸಂಸ್ಥೆ 1978ರಲ್ಲಿ ಅಲ್ಲಿಂದ ಪ್ರಸಾರ ಶುರುಮಾಡಿತು. ಅದಕ್ಕೂ ಮೊದಲೇ, 1970ರಿಂದ, ಫೀಬಾ ಅನ್ನೋ ಇನ್ನೊಂದು ಸಂಸ್ಥೆ ಸೆಶೆಲ್ಸ್ ದ್ವೀಪದಲ್ಲಿ ಸಮುದ್ರದ ಹವಳದ ದಿಬ್ಬದ ಮೇಲೆ ಕಂಬ ನೆಟ್ಟು ನಮ್ಮ ದೇಶದ ಕಡೆಗೆ ಸುವಾರ್ತೆ ಕಳಿಸ್ತಿತ್ತು. 2003ರಲ್ಲಿ ಅದು ನಿಂತಿತು.

ರಾತ್ರಿಯೇ ಯಾಕೆ ಚೆನ್ನಾಗಿ ಕೇಳ್ತಿತ್ತು? ಹಗಲಲ್ಲಿ ಸೂರ್ಯನ ಕಿರಣಗಳಿಂದ ಆಕಾಶದ ಒಂದು ಪದರ ಮೀಡಿಯಂ ವೇವ್ ಅಲೆಗಳನ್ನ ನುಂಗಿಬಿಡುತ್ತೆ. ಕತ್ತಲಾದ ಮೇಲೆ ಆ ಪದರ ಕರಗುತ್ತೆ. ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದ ಊರುಗಳಲ್ಲಿ ಇಳಿಯುತ್ತವೆ. ಅಂದರೆ ಕತ್ತಲಾದಷ್ಟೂ ಧ್ವನಿ ದೂರ ಹೋಗುತ್ತೆ. ಇವತ್ತು ಯಾರ ಜೀವನದಲ್ಲಿ ಕತ್ತಲಿದೆಯೋ ಅವರು ಇದನ್ನ ಹೃದಯದಲ್ಲಿ ಇಟ್ಟುಕೊಳ್ಳಿ. ಆಮೆನ್?

ಇಂಥ ಸ್ಟೇಷನ್ನುಗಳ ಮೂಲಕ ಲೋಕವೆಲ್ಲ ಸುತ್ತಿದ ಒಂದು ಕಾರ್ಯಕ್ರಮದ ಹೆಸರು 'ಥ್ರೂ ದ ಬೈಬಲ್'. ಲಾಸ್ ಏಂಜಲಿಸಿನ ಒಂದು ಸಭೆಯ ಪಾಸ್ಟರ್ ಜೆ. ವರ್ನನ್ ಮೆಗೀ ಇದನ್ನ 1967ರಲ್ಲಿ ಶುರುಮಾಡಿದರು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಐದು ವರ್ಷದಲ್ಲಿ ಸತ್ಯವೇದದ 66 ಪುಸ್ತಕಗಳೂ ಮುಗಿಯಬೇಕು. ಹಳೆ ಒಡಂಬಡಿಕೆಯಲ್ಲಿ ಸ್ವಲ್ಪ ದೂರ, ಆಮೇಲೆ ಹೊಸದಕ್ಕೆ, ಮತ್ತೆ ಹಿಂದಕ್ಕೆ. ಯಾಜಕಕಾಂಡ ಕಷ್ಟ ಅಂತ ಬಿಡೋ ಹಾಗಿಲ್ಲ. ಒಂದೇ ಪಾಠವನ್ನ ಅನೇಕ ಸ್ಟೇಷನ್ನುಗಳು ಪ್ರಸಾರ ಮಾಡ್ತಿದ್ದವು. ಆಮೇಲೆ ಅದು ಬೇರೆ ಬೇರೆ ಭಾಷೆಗಳಿಗೆ ಹೋಯಿತು. ಇವತ್ತು 100ಕ್ಕೂ ಹೆಚ್ಚು ಭಾಷೆಗಳಲ್ಲಿದೆ, ಅದರಲ್ಲಿ ನಮ್ಮ ಕನ್ನಡವೂ ಒಂದು.

ಒಂದು ಮಾತು ಪ್ರಾಮಾಣಿಕವಾಗಿ ಹೇಳ್ತೀನಿ. ಅನ್ಯಭಾಷೆಯ ವರದ ವಿಷಯದಲ್ಲಿ ಮೆಗೀಯವರ ಬೋಧನೆ ನಮ್ಮದಲ್ಲ. ಅವರು ಈ ಸಭೆಗೆ ಬಂದಿದ್ದರೆ ನಮ್ಮ ಆರಾಧನೆ ಅವರಿಗೆ ಒಪ್ಪಿಗೆ ಆಗ್ತಿರಲಿಲ್ಲ. ಆದರೂ ನಮ್ಮ ಅಜ್ಜಿಗೆ ವಾಕ್ಯ ಕಲಿಸಿದ್ದು ಅದೇ ಕಾರ್ಯಕ್ರಮ. ದೇವರು ನಮ್ಮ ಗೋಡೆಗಳನ್ನ ಕೇಳಿಕೊಂಡು ಕೆಲಸ ಮಾಡೋದಿಲ್ಲ.

ಅಜ್ಜಿಗೆ ಓದು ಬರಹ ಬರ್ತಿರಲಿಲ್ಲ. ಪ್ರತಿ ರಾತ್ರಿ ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡು, 'ಇವತ್ತು ಎಲ್ಲಿದೆ ಅಂತ ಬರಿ ಮಗ' ಅನ್ನೋರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಪುಸ್ತಕದ ಹೆಸರು, ಅಧ್ಯಾಯ ಬರೀತಿದ್ದೆ. ಭಾನುವಾರ ಸಭೆಗೆ ಆ ನೋಟ್‌ಬುಕ್ ತಗೊಂಡು ಹೋಗಿ, ಯಾರ ಕೈಯಲ್ಲಾದರೂ ಆ ಭಾಗ ಇನ್ನೊಂದು ಸಾರಿ ಓದಿಸಿ ಕೇಳೋರು.

ಹದಿನೇಳನೇ ವಯಸ್ಸಿಗೆ ನನಗೆ ಅದು ಬೇಜಾರಾಯಿತು. ಒಂದು ರಾತ್ರಿ ಕ್ರಿಕೆಟ್ ಕಾಮೆಂಟರಿಗೆ ಸೂಜಿ ತಿರುಗಿಸಿಬಿಟ್ಟೆ. 'ಅಜ್ಜಿ, ನಿಮಗೆ ಹೇಗೂ ಓದಕ್ಕೆ ಬರಲ್ಲ, ಬರೆದು ಏನು ಪ್ರಯೋಜನ' ಅಂದೆ. ಅವರು ಏನೂ ಹೇಳಲಿಲ್ಲ. ಆಮೇಲೆ ನಾನು ಬೆಂಗಳೂರಿಗೆ ಹೋದೆ. ನೈಟ್ ಶಿಫ್ಟ್, ಸ್ನೇಹಿತರು. ಸಭೆ ಬಿಟ್ಟೆ, ಪ್ರಾರ್ಥನೆ ಬಿಟ್ಟೆ. ಅಜ್ಜಿ ತೀರಿಕೊಂಡಾಗ ಮಣ್ಣಿಗೆ ಮಾತ್ರ ಬಂದೆ.

ಆಗ ಟ್ರಂಕಿನಲ್ಲಿ ಆ ನೋಟ್‌ಬುಕ್ ಸಿಕ್ಕಿತು. ಯೆರೆಮೀಯ 18ಕ್ಕೆ ನಿಂತಿತ್ತು, ಕುಂಬಾರನ ಮನೆ. ಅದರಾಚೆ ಪುಟಗಳೆಲ್ಲ ಖಾಲಿ. ಅಜ್ಜಿ ಕೇಳೋದು ನಿಲ್ಲಿಸಿರಲಿಲ್ಲ ಅಂತ ಅಮ್ಮ ಹೇಳಿದರು. ಕೊನೆಯವರೆಗೂ ಕೇಳಿದರು. ಬರೆಯೋ ಕೈ ಮಾತ್ರ ಇರಲಿಲ್ಲ. ಆ ಖಾಲಿ ಪುಟಗಳು ನನ್ನವು, ದೇವಜನರೇ.

ನಾನು ತಡವಾಗಿ ಬಂದೆ. ಅಜ್ಜಿಯ ಹತ್ತಿರ ಕ್ಷಮೆ ಕೇಳೋಕೆ ಆಗಲಿಲ್ಲ. ಅದು ಇವತ್ತಿಗೂ ನೋವು, ಅದನ್ನ ಮುಚ್ಚಿಡೋದಿಲ್ಲ. ಆದರೆ ಮೆಗೀಯವರು ಆ ಕಾರ್ಯಕ್ರಮವನ್ನ ಬೈಬಲ್ ಬಸ್ಸು ಅಂತ ಕರೀತಿದ್ದರು. ಮಲವಗೊಪ್ಪದ ಸ್ಟಾಪಿನಲ್ಲಿ ನಿಂತವರಿಗೆ ಗೊತ್ತು, ಶಿವಮೊಗ್ಗ ಭದ್ರಾವತಿ ಬಸ್ಸು ಒಂದು ತಪ್ಪಿದರೆ ಹಿಂದೆ ಇನ್ನೊಂದು ಬರುತ್ತೆ. 1988ರಲ್ಲಿ ಮೆಗೀಯವರು ತೀರಿಕೊಂಡರು, ಆದರೂ ಪ್ರಸಾರ ನಿಲ್ಲಲಿಲ್ಲ. ಐದು ವರ್ಷ ಮುಗಿದರೆ ಮತ್ತೆ ಮೊದಲಿಂದ. ಸಾರಿದವನು ಹೋದರೂ ವಾಕ್ಯ ಬರಿಗೈಲಿ ಹಿಂತಿರುಗೋದಿಲ್ಲ, ಯೆಶಾಯ 55 ಹೇಳೋದು ಅದನ್ನೇ. ನಾನು ಯೆರೆಮೀಯ 19ರಿಂದ ಮತ್ತೆ ಬರೆಯೋಕೆ ಶುರುಮಾಡಿದೆ.

ಹೋದ ವಾರ ಒಬ್ಬ ತಮ್ಮ ಕೇಳಿದ, 'ಪಾಸ್ಟರ್, ಎಲ್ಲಾ ಮೊಬೈಲಲ್ಲೇ ಸಿಗುತ್ತೆ, ಸಭೆಗೆ ಯಾಕೆ ಬರಬೇಕು?' ತಮ್ಮಾ, ರೇಡಿಯೋ ಅಜ್ಜಿಗೆ ವಾಕ್ಯ ಕೊಟ್ಟಿತು. ಆದರೆ ಕಾಯಿಲೆ ಬಿದ್ದಾಗ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದು, ಗಂಜಿ ತಂದುಕೊಟ್ಟಿದ್ದು ಸಭೆಯ ಸಹೋದರಿಯರು. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದವನ ಕೈಯಲ್ಲಿ ಗ್ರಂಥ ಇತ್ತು. ಆದರೂ ದೇವರು ಫಿಲಿಪ್ಪನನ್ನ ಅವನ ರಥಕ್ಕೆ ಹತ್ತಿಸಿದರು. ನಿಮ್ಮ ಮನೆಯಲ್ಲೂ ಕೇಳೋ ಕಿವಿ ಇದ್ದು, ಓದಿ ಹೇಳೋ ಬಾಯಿ ಇಲ್ಲದ ಒಬ್ಬರಿದ್ದಾರೆ. ಇವತ್ತು ರಾತ್ರಿ ಹೋಗಿ ಅವರ ಪಕ್ಕದಲ್ಲಿ ಕೂತು ಒಂದು ಅಧ್ಯಾಯ ಓದಿ. ಅವರು ಇರುವಾಗಲೇ ಓದಿ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನೇ, ನಾವು ತಿರುಗಿಸಿಬಿಟ್ಟ ಸೂಜಿಯನ್ನ ಮತ್ತೆ ನಿಮ್ಮ ಕಡೆಗೆ ತಿರುಗಿಸಿರಿ. ಖಾಲಿ ಬಿಟ್ಟ ಪುಟಗಳಿಗಾಗಿ ನಮ್ಮನ್ನ ಕ್ಷಮಿಸಿರಿ. ಇವತ್ತೇ ಮೊದಲ ಸಾಲು ಬರೆಯೋ ಕೃಪೆ ಕೊಡಿರಿ. ಯೇಸುಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.