ಮಾತ್ರೆ ತಗೊಂಡ್ರೆ ನಂಬಿಕೆ ಕಡಿಮೆಯಾ?

ಬೈಬಲ್ ತೆಗೀರಿ, ಮಾರ್ಕ 9:14ರಿಂದ 29.

ಒಬ್ಬ ತಂದೆ ಮಗನನ್ನು ಕರ್ಕೊಂಡು ಬಂದಿದ್ದಾನೆ. ಹುಡುಗ ನೆಲಕ್ಕೆ ಬೀಳ್ತಾನೆ, ಬಾಯಲ್ಲಿ ನೊರೆ ಬರುತ್ತೆ. ಶಿಷ್ಯರು ಏನು ಮಾಡ್ತಿದ್ದಾರೆ? ಶಾಸ್ತ್ರಿಗಳ ಜೊತೆ ವಾದ! ಯೇಸು ಸ್ವಾಮಿ ಮಾತ್ರ ಆ ತಂದೆಯನ್ನು ವಿಚಾರಿಸಿದರು, ಇದು ಎಷ್ಟು ಕಾಲದಿಂದ ಹೀಗಿದೆ ಅಂತ.

"ಬ್ರದರ್, ಅಲ್ಲಿ ಅಶುದ್ಧಾತ್ಮ ಅಂತ ಬರೆದಿದೆಯಲ್ಲಾ?" ಹೌದು, ಬರೆದಿದೆ. ಆ ವಾಕ್ಯವನ್ನು ನಾನು ಅಳಿಸೋದಿಲ್ಲ. ಆದರೆ ಮತ್ತಾಯ 4:24 ಓದಿ. ದೆವ್ವ ಹಿಡಿದವರು, ಮೂರ್ಛಾರೋಗಿಗಳು, ಪಾರ್ಶ್ವವಾಯು ರೋಗಿಗಳು, ಹೀಗೆ ವಾಕ್ಯವೇ ಅವರನ್ನು ಬೇರೆ ಬೇರೆಯಾಗಿ ಎಣಿಸಿದೆ. ಹಾಗಿರುವಾಗ ಫಿಟ್ಸ್ ಬಂದವರಿಗೆಲ್ಲಾ ದೆವ್ವ ಅನ್ನೋಕೆ ನಾವು ಯಾರು?

ಪ್ರಿಯರೇ, ದೇವರು ಕೊಟ್ಟ ಮಿದುಳು ವಿದ್ಯುತ್ ಸಂಕೇತಗಳಿಂದ ಕೆಲಸ ಮಾಡುತ್ತೆ. ಬಹಳ ಕೋಶಗಳು ಒಮ್ಮೆಲೇ ಹದ ತಪ್ಪಿ ಸಂಕೇತ ಕಳಿಸಿದಾಗ ಫಿಟ್ಸ್ ಬರುತ್ತೆ. ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು, ಆಹಾರದ ಮೂಲಕ ಒಳಗೆ ಹೋಗುವ ಲಾಡಿಹುಳುವಿನ ಮೊಟ್ಟೆ ಕೂಡ ಕಾರಣ ಆಗಬಹುದು. ಎಲ್ಲರೂ ಬಿದ್ದು ಒದ್ದಾಡೋದಿಲ್ಲ. ಕೆಲವರು ಕೆಲವು ಸೆಕೆಂಡು ಸುಮ್ಮನೆ ದಿಟ್ಟಿಸಿ ನೋಡ್ತಾರಷ್ಟೇ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಜನರವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಹಾಸ್ಟೆಲ್‌ನಲ್ಲಿ, ಪಿಜಿಯಲ್ಲಿ ಮಾತ್ರೆಯನ್ನು ಬಚ್ಚಿಟ್ಟು ನುಂಗುವ ತಮ್ಮ ತಂಗಿಯರೇ, ಕೇಳಿ. ಪ್ರಾರ್ಥನೆ ಮಾಡಿಸಿಕೊಂಡೆವು ಅಂತ ಮಾತ್ರೆ ಬಿಸಾಡಬೇಡಿ. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ಪ್ರಾಣಕ್ಕೇ ಅಪಾಯ ಆಗಬಹುದು. ಕರ್ತನು ಸ್ವಸ್ಥ ಮಾಡಿದ್ದಾನೆ ಅಂತ ನಂಬುತ್ತೀರಾ? ಸ್ತೋತ್ರ! ಹೋಗಿ ಡಾಕ್ಟರಿಗೆ ತೋರಿಸಿ. ಹತ್ತು ಮಂದಿ ಕುಷ್ಠರೋಗಿಗಳಿಗೂ ಯೇಸು ಸ್ವಾಮಿ ಯಾಜಕರಿಗೆ ಮೈ ತೋರಿಸಿಕೊಳ್ಳಿ ಅಂದರಲ್ಲಾ, ಲೂಕ 17:14. ನಿಜವಾದ ಸ್ವಸ್ಥತೆ ಪರೀಕ್ಷೆಗೆ ಹೆದರೋದಿಲ್ಲ. ಮಾತ್ರೆ ಕಡಿಮೆ ಮಾಡೋದು, ನಿಲ್ಲಿಸೋದು ಡಾಕ್ಟರ್ ಹೇಳಲಿ. ಪಾಸ್ಟರ್ ಹೇಳಬಾರದು, ನಾನೂ ಹೇಳೋದಿಲ್ಲ.

ಆರಾಧನೆ ನಡೆಯುವಾಗ ಯಾರಿಗಾದರೂ ಫಿಟ್ಸ್ ಬಂದರೆ, ಇದು ಅಭಿಷೇಕವೋ ದೆವ್ವವೋ ಅಂತ ಸುತ್ತ ನಿಂತು ಶಿಷ್ಯರ ಹಾಗೆ ವಾದ ಮಾಡಬೇಡಿ. ತಲೆಯ ಕೆಳಗೆ ಮೆತ್ತಗಿರೋದು ಏನಾದರೂ ಇಡಿ, ಒಂದು ಮಗ್ಗುಲಿಗೆ ಮಲಗಿಸಿ. ಒತ್ತಿ ಹಿಡಿಯಬೇಡಿ. ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಎಚ್ಚರ ಆಗುವವರೆಗೂ ಪಕ್ಕದಲ್ಲೇ ಇರಿ, ವಿಡಿಯೋ ಮಾಡೋರನ್ನು ದೂರ ಕಳಿಸಿ.

27ನೇ ವಚನ ನೋಡಿ. ಹುಡುಗ ಸತ್ತೇ ಹೋದ ಅಂತ ಜನ ಅಂದುಕೊಂಡಾಗ ಯೇಸು ಸ್ವಾಮಿ ಅವನ ಕೈ ಹಿಡಿದು ಎಬ್ಬಿಸಿದರು. ಸಭೆಯ ಕೆಲಸವೂ ಅದೇ.

ಪ್ರಾರ್ಥಿಸೋಣ. ಕರ್ತನೇ, ಈ ಕಾಯಿಲೆಯನ್ನು ನಾಚಿಕೆಯಿಂದ ಮುಚ್ಚಿಟ್ಟಿರುವ ನಿನ್ನ ಮಕ್ಕಳನ್ನು ಮುಟ್ಟು. ಅವರ ಡಾಕ್ಟರಿಗೆ ಜ್ಞಾನ ಕೊಡು, ನಮಗೆ ಪ್ರೀತಿ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.