ಕಾಣದ ಕುಂಕುಮ

ಅಮ್ಮನ ಪೂಜೆ ಬಟ್ಟಲಿನ ಕುಂಕುಮದಿಂದ ಬಿಳಿ ಹಾಳೆಯ ಮೇಲೆ 8 ಸೆಂಟಿಮೀಟರ್ ಅಂತರದಲ್ಲಿ ಎರಡು ಬೊಟ್ಟಿಟ್ಟೆ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಎಡಗಡೆಯ ಬೊಟ್ಟಿನಲ್ಲೇ ನೆಟ್ಟು, ಹಾಳೆಯನ್ನು ಮೆಲ್ಲಗೆ ಹತ್ತಿರ ತಂದೆ. ಒಂದು ಅಡಿಯಷ್ಟು ದೂರದಲ್ಲಿ ಬಲಗಡೆಯದು ಮಾಯ! ಅಲ್ಲಿ ಕತ್ತಲೆಯಿಲ್ಲ, ತೂತಿಲ್ಲ. ಬರೀ ಬಿಳಿ ಹಾಳೆ.

ಆಗ ಆ ಬೊಟ್ಟಿನ ಬಿಂಬ ಬಿದ್ದದ್ದು ಕಣ್ಣೊಳಗಿನ ಒಂದು ಜಾಗದ ಮೇಲೆ. ಸುಮಾರು ಹತ್ತು ಲಕ್ಷ ನರತಂತುಗಳು ಕಣ್ಣಿನಿಂದ ಮಿದುಳಿಗೆ ಹೊರಡುವ ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. 1660ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಮಾರಿಯೊಟ್ ಇದನ್ನು ಕಂಡುಕೊಂಡ. ಸುತ್ತಲಿನ ಬಿಳುಪಿನಿಂದ ಮಿದುಳೇ ಆ ಖಾಲಿಯನ್ನು ತುಂಬುತ್ತದೆ.

ಹಗ್ಗವನ್ನು ಹಾವೆಂದು ಕಾಣುವ ವೇದಾಂತದ ಮಾತು ಬಂದಾಗೆಲ್ಲ ನಾನು ಮಬ್ಬುಗತ್ತಲನ್ನು ದೂರುತ್ತಿದ್ದೆ. ಇಲ್ಲಿ ಹತ್ತು ಗಂಟೆಯ ಬಿಸಿಲಿತ್ತು. ಕುಂಕುಮ ಕಾಣಲಿಲ್ಲ ಎಂಬುದಕ್ಕಿಂತ, ಇಷ್ಟು ವರ್ಷ ಕಾಣದ ಜಾಗವೊಂದಿದೆ ಎಂಬುದೇ ಕಾಣದಿದ್ದದ್ದು ನನ್ನನ್ನು ಕಾಡುತ್ತದೆ. ಹಾಗಾದರೆ ಆ ಬಿಳುಪನ್ನು ನೋಡಿದವರು ಯಾರು?

ಹಾಳೆಯನ್ನು ಇನ್ನಷ್ಟು ಹತ್ತಿರ ತಂದೆ. ಬೊಟ್ಟು ಮರಳಿ ಬಂತು.