ತಿದ್ದಿಕೊಳ್ಳುವ ಧರ್ಮ

ಮನುಷ್ಯನು ಮಾಡಿದ ವಸ್ತುಗಳಲ್ಲಿ ಎರಡು ಬಗೆಯುಂಟು. ಒಮ್ಮೆ ಮಾಡಿ ಮುಗಿಸಿದ ಮೇಲೆ ಸವೆಯುವ ತನಕ ಹಾಗೆಯೇ ಇರುವುವು ಕೆಲವು. ಅರೆಯುವ ಕಲ್ಲು, ಅಡಕತ್ತರಿ, ಕಂಚಿನ ತಂಬಿಗೆ ಮೊದಲಾದುವು ಈ ಜಾತಿಯವು. ಮುಗಿಯಿತೆಂದು ಎಂದೂ ಹೇಳಲಾಗದೆ, ತಿದ್ದಿಸಿಕೊಳ್ಳುತ್ತಲೇ ಬಾಳಬೇಕಾದುವು ಇನ್ನು ಕೆಲವು. ತೋಟ, ಶಾಸ್ತ್ರ, ಸಂಸಾರ ಇವು ಈ ಎರಡನೆಯ ಜಾತಿಗೆ ಸೇರಿದುವು. ನಮ್ಮ ಮನೆಯ ಗಣಕಯಂತ್ರವನ್ನು ನಾನು ಬಹುಕಾಲ ಮೊದಲನೆಯ ಜಾತಿಗೆ ಸೇರಿಸಿದ್ದೆನು. ಆ ತಪ್ಪಿನ ಫಲವನ್ನು ನಾನೊಬ್ಬನೇ ಉಂಡಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಗಣಕಯಂತ್ರದ ಸಕಲ ವ್ಯಾಪಾರವೂ ಅದರೊಳಗಿನ ಒಂದು ಮೂಲತಂತ್ರಾಂಶದ ಆಜ್ಞೆಯಲ್ಲಿ ನಡೆಯುವುದಷ್ಟೆ. ಅದಕ್ಕೆ ಕಾರ್ಯನಿರ್ವಹಣ ವ್ಯವಸ್ಥೆಯೆಂದು ಹೆಸರು. ಅದನ್ನು ರಚಿಸಿದವರು ಕಂಡುಬಂದ ದೋಷಗಳನ್ನು ಸರಿಪಡಿಸಿ ಆಗಾಗ ತಿದ್ದುಪಡಿಗಳನ್ನು ಕಳುಹಿಸುತ್ತಿರುವರು. ಮಕ್ಕಳು ಇದನ್ನು ಅಪ್‌ಡೇಟ್ ಎನ್ನುತ್ತಾರೆ. ಪರದೆಯ ಮೂಲೆಯಲ್ಲಿ ಈ ಸೂಚನೆಯು ಕಾಣಿಸಿದಾಗಲೆಲ್ಲ ನಾನು ‘ಆಮೇಲೆ’ ಎಂಬುದನ್ನು ಒತ್ತಿ, ನಾಲ್ಕು ತಿಂಗಳು ಕಳೆದೆನು. ಮಳೆಗಾಲದ ಒಂದು ಸಂಜೆ ಯಂತ್ರವು ತಾನಾಗಿಯೇ ಆ ಕಾರ್ಯಕ್ಕೆ ತೊಡಗಿತು. ಕೆಲಸವು ಅರ್ಧವಾಗುವಷ್ಟರಲ್ಲಿ ಗುಡುಗು ಬಂದಿತು. ಸುಳ್ಯದ ಕಡೆಯ ನಮ್ಮ ಹಳ್ಳಿಯಲ್ಲಿ ಗುಡುಗು ಬಂದ ಮೇಲೆ ಕರೆಂಟು ನಿಲ್ಲುವುದುಂಟೆ? ಅದು ಮರಳಿ ಬಂದರೂ ಯಂತ್ರವು ಏಳಲಿಲ್ಲ. ಪರದೆಯ ಮೇಲೆ ಚುಕ್ಕಿಗಳು ಗಾಣದೆತ್ತಿನಂತೆ ಸುತ್ತುತ್ತಲೇ ಇದ್ದುವು.

ಮರುದಿನ ಬೆಳಗ್ಗೆ ನೆರೆಮನೆಯ ಹುಡುಗಿಯು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿಸಲು ಬಂದಳು. ಅವಳ ಕಾಗದಪತ್ರಗಳ ಪ್ರತಿಗಳೆಲ್ಲ ನನ್ನ ಯಂತ್ರದಲ್ಲಿದ್ದುವು. “ಮಾಸ್ಟ್ರಜ್ಜ, ಇವತ್ತೇ ಕಡೆಯ ದಿನ” ಎಂದಳು. ನಾನು ಉತ್ತರ ಕೊಡಲಾರದೆ ಹೋದೆನು. ಅವಳು ತಂದೆಯೊಡನೆ ಸುರಿಯುವ ಮಳೆಯಲ್ಲಿ ಪೇಟೆಗೆ ಹೋಗಿ, ಎಲ್ಲವನ್ನೂ ಹೊಸದಾಗಿ ಮಾಡಿಸಿ, ಸಂಜೆಯೊಳಗೆ ಅರ್ಜಿಯನ್ನು ಸಲ್ಲಿಸಿದಳೆಂಬುದು ಅವಳ ಭಾಗ್ಯ, ನನ್ನ ಪುಣ್ಯವಲ್ಲ. ತಂದೆಗೆ ಒಂದು ದಿನದ ಕೂಲಿ ಹೋಯಿತು. ನನ್ನ ಗುರುಗಳ ವ್ಯಾಕರಣಪಾಠದ ಟಿಪ್ಪಣಿಗಳನ್ನು ಮೂರು ವರ್ಷ ಕುಳಿತು ಅಚ್ಚಿಸಿದ ಏಕೈಕ ಪ್ರತಿಯೂ ಅದೇ ಪೆಟ್ಟಿಗೆಯೊಳಗಿತ್ತು.

ಪುತ್ತೂರಿನಿಂದ ತಮ್ಮನ ಮಗನು ಬಂದನು. ಯಂತ್ರಕ್ಕೆ ಸಿಕ್ಕಿಸಿದ್ದ ಹೊರಗಿನ ಸಾಧನಗಳನ್ನೆಲ್ಲ ಬಿಡಿಸಿದನು. ಎರಡು ಮೂರು ಸಲ ಆರಂಭಿಸುವಷ್ಟರಲ್ಲಿ ಯಂತ್ರವೇ ದುರಸ್ತಿಯ ಪುಟವನ್ನು ತೆರೆಯಿತು. ಅಲ್ಲಿಂದ ಅರ್ಧಕ್ಕೆ ನಿಂತ ತಿದ್ದುಪಡಿಯನ್ನು ಹಿಂದೆಗೆದು, ಯಂತ್ರವು ಎದ್ದೊಡನೆಯೇ ನನ್ನ ಬರೆಹಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಪ್ರತಿಮಾಡಿದನು. ಬಳಿಕ ನೋಡಿದರೆ, ಒಳಗೆ ಹೊಸದನ್ನು ಇಳಿಸಲು ಸ್ಥಳವೇ ಉಳಿದಿರಲಿಲ್ಲ. ಮದುವೆ ಉಪನಯನಗಳ ವೀಡಿಯೋಗಳು ತುಂಬಿದ್ದುವು. ಅವನ್ನು ಹೊರಗೆ ಸಾಗಿಸಿ, ಯುಪಿಎಸ್ ಕೂಡಿಸಿ, ತಿದ್ದುಪಡಿಯನ್ನು ಮೊದಲಿನಿಂದ ನಡೆಯಿಸಿದನು. ಒಂದೂವರೆ ಗಂಟೆಯಲ್ಲಿ ಎಲ್ಲವೂ ನೆಟ್ಟಗಾಯಿತು. “ತಿದ್ದುಪಡಿಯಲ್ಲಿ ದೋಷವಿರಲಿಲ್ಲ ದೊಡ್ಡಪ್ಪ, ಜಾಗವಿರಲಿಲ್ಲ, ಹೊತ್ತೂ ಸರಿಯಿರಲಿಲ್ಲ” ಎಂದನು.

ಆದರೂ ನನ್ನ ಮನಸ್ಸು ಒಂದು ಪ್ರಶ್ನೆಯನ್ನು ಬಿಡಲಿಲ್ಲ. ಹಣ ಕೊಟ್ಟು ತಂದ ವಸ್ತು ನನ್ನದು. ಮನೆ ಕಟ್ಟಿದ ಆಚಾರಿಯು ತಿಂಗಳಿಗೊಮ್ಮೆ ಬಂದು, ನಾನು ಮಲಗಿರುವಾಗ ಪಕ್ಕಾಸು ಬದಲಿಸುವೆನೆಂದರೆ ನಾನು ಒಪ್ಪುವೆನೆ? ಹಾಗಿರುವಲ್ಲಿ ಪರರ ತಿದ್ದುಪಡಿಯನ್ನು ಬೇಡವೆನ್ನುವ ಸ್ವಾತಂತ್ರ್ಯವು ನನಗಿಲ್ಲವೆ? ಮತ್ತೆ ಮತ್ತೆ ತಿದ್ದಬೇಕಾದರೆ ಅದನ್ನು ಮೊದಲೇ ಸರಿಯಾಗಿ ಮಾಡಬಾರದಿತ್ತೆ?

ಎರಡನೆಯ ಆಕ್ಷೇಪಕ್ಕೆ ವ್ಯಾಕರಣಶಾಸ್ತ್ರವೇ ಸಮಾಧಾನ ಹೇಳುವುದು. ಪಾಣಿನಿಯು ಸುಮಾರು 4000 ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಹಿಡಿದಿಟ್ಟನು. ಅಂತಹ ಕೃತಿಯ ಮೇಲೂ ಕಾತ್ಯಾಯನನು ವಾರ್ತಿಕಗಳನ್ನು ರಚಿಸಿ, ಹೇಳಿದುದನ್ನೂ ಹೇಳದೆ ಬಿಟ್ಟುದನ್ನೂ ತಪ್ಪಾಗಿ ಹೇಳಿದುದನ್ನೂ ವಿಮರ್ಶಿಸಿದನು. ಪತಂಜಲಿಯು ಮಹಾಭಾಷ್ಯದಲ್ಲಿ ಇಬ್ಬರನ್ನೂ ಪರೀಕ್ಷಿಸಿ, ಅನೇಕ ಕಡೆ ಅನಾವಶ್ಯಕವಾದ ತಿದ್ದುಪಡಿಗಳನ್ನು ತಳ್ಳಿಯೂ ಬಿಟ್ಟನು. ಈ ಮೂವರಲ್ಲಿ ಉತ್ತರೋತ್ತರರ ಮಾತಿಗೇ ಪ್ರಾಮಾಣ್ಯ ಹೆಚ್ಚೆಂಬುದು ವೈಯಾಕರಣರ ಸಂಪ್ರದಾಯ. ಇದರಿಂದ ಪಾಣಿನಿಗೆ ಅವಮಾನವಾಯಿತೆಂದು ಯಾರೂ ಬಗೆಯಲಿಲ್ಲ. ತಿದ್ದಲ್ಪಡುವುದು ಹೀನತೆಯ ಗುರುತಲ್ಲ, ಬಳಕೆಯಲ್ಲಿರುವುದರ ಗುರುತು.

ಮೊದಲನೆಯ ಆಕ್ಷೇಪಕ್ಕೆ ಉತ್ತರವು ನಮ್ಮ ಅಡಕೆಯ ತೋಟದಲ್ಲಿದೆ. ಕೊಳೆರೋಗಕ್ಕೆ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಬಿಡಬೇಕು. ಒಂದೂವರೆ ತಿಂಗಳೊಳಗೆ ಮತ್ತೊಮ್ಮೆ ಬಿಡಬೇಕು. ತೋಟ ನನ್ನದು, ಮದ್ದು ಬಿಡುವುದೂ ಬಿಡದಿರುವುದೂ ನನ್ನ ಇಷ್ಟವೆಂದು ಒಬ್ಬನು ಹೇಳಬಹುದು. ಆದರೆ ಅವನ ತೋಟದ ಕೊಳೆಯು ಬೇಲಿಯನ್ನು ಕೇಳಿ ನಿಲ್ಲುವುದಿಲ್ಲ. ಗಣಕಯಂತ್ರಗಳ ಲೋಕದಲ್ಲಿ 2017ರಲ್ಲಿ ನಡೆದುದು ಇದೇ. ವಿಂಡೋಸ್ ವ್ಯವಸ್ಥೆಯ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ 14ರಂದೇ ತಿದ್ದುಪಡಿಯನ್ನು ಕೊಟ್ಟಿತ್ತು. ಮೇ 12ರಂದು ವಾನಾಕ್ರೈ ಎಂಬ ಪೀಡೆಯು ಅದೇ ದೋಷದ ದಾರಿಯಿಂದ ಹೊರಟು, ಕೆಲವೇ ದಿನಗಳಲ್ಲಿ 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳನ್ನು ಹಿಡಿಯಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಮದ್ದು ಎರಡು ತಿಂಗಳ ಮೊದಲೇ ಬಾಗಿಲಿಗೆ ಬಂದಿತ್ತು. ಎಷ್ಟೋ ಕಡೆ ಅದನ್ನು ಬಿಡದೆ ಉಳಿದಿದ್ದರು. ಒಂದು ಯಂತ್ರದಿಂದ ಮತ್ತೊಂದಕ್ಕೆ ತಂತಿಯಿರುವಾಗ, ‘ನನ್ನದು’ ಎಂಬ ಮಾತಿನ ಅರ್ಥವು ಕಿರಿದಾಗುವುದು.

ಹಾಗೆಂದು ತಿದ್ದುವವನು ಸದಾ ನಿರ್ದೋಷಿಯೆಂದು ಹೇಳಲಾಗದು. 2024ರ ಜುಲೈ 19ರಂದು, ರಕ್ಷಣೆಗಾಗಿಯೇ ಇರುವ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ಕಳುಹಿಸಿದ ಒಂದು ದೋಷಯುಕ್ತ ತಿದ್ದುಪಡಿಯಿಂದ ಸುಮಾರು 85 ಲಕ್ಷ ಯಂತ್ರಗಳು ಒಮ್ಮೆಲೆ ನಿಂತುಹೋದುವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರೆಹದ ಚೀಟಿ ಕೊಡಬೇಕಾಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು ಮುಗಿದಾಗ, ಚೆನ್ನಾಗಿ ನಡೆಯುತ್ತಿದ್ದ ಅದೆಷ್ಟೋ ಯಂತ್ರಗಳು ಮುಂದಿನ ವ್ಯವಸ್ಥೆಗೆ ಅರ್ಹವಲ್ಲವೆನಿಸಿದುವು. ಬೇಕೆಂದವರಿಗೂ ತಿದ್ದುಪಡಿ ದೊರೆಯದಿದ್ದರೆ, ಆಗ ಕರ್ತವ್ಯಲೋಪವು ಬಳಸುವವನದೆಂದು ಹೇಳುವುದು ನ್ಯಾಯವಲ್ಲ.

ಆದುದರಿಂದ ಧರ್ಮವು ಎರಡು ಕಡೆಗೂ ಉಂಟು. ನಮ್ಮ ಸೀಮೆಯಲ್ಲಿ ದೇವಸ್ಥಾನದ ಜೀರ್ಣೋದ್ಧಾರವು ನಡೆಯುವ ಕ್ರಮವನ್ನು ನೋಡಿರಿ. ಗರ್ಭಗೃಹಕ್ಕೆ ಕೈಹಚ್ಚುವ ಮೊದಲು ದೇವರ ಅನುಜ್ಞೆಯನ್ನು ಬೇಡುತ್ತಾರೆ. ಯೋಗ್ಯವಾದ ಕಾಲವನ್ನು ಗೊತ್ತುಮಾಡುತ್ತಾರೆ. ಸಾನ್ನಿಧ್ಯವನ್ನು ಬಾಲಾಲಯಕ್ಕೆ ಸಾಗಿಸಿ ಅಲ್ಲಿ ನಿತ್ಯಪೂಜೆಯು ತಪ್ಪದಂತೆ ನೋಡಿಕೊಳ್ಳುತ್ತಾರೆ. ಆಮೇಲೆಯೇ ಹಳೆಯ ಕಲ್ಲನ್ನು ಕದಲಿಸುವುದು. ತಿದ್ದುವವನು ಏನು ತಿದ್ದುವೆನೆಂದು ತಿಳಿಸಬೇಕು, ಕೇಳಬೇಕು, ಕೆಟ್ಟರೆ ಹಿಂದಿರುಗುವ ದಾರಿಯನ್ನು ಇರಿಸಬೇಕು. ತಿದ್ದಿಸಿಕೊಳ್ಳುವವನು ಅಮೂಲ್ಯವಾದುದನ್ನು ಬೇರೆಡೆ ಕಾದಿರಿಸಬೇಕು, ಸ್ಥಳವನ್ನೂ ಹೊತ್ತನ್ನೂ ಒದಗಿಸಬೇಕು, ಆಮೇಲೆ ಎಂದು ಮುಂದೂಡಬಾರದು. ಇವುಗಳಲ್ಲಿ ಮೊದಲಿನವು ನನ್ನ ಕೈಯಲ್ಲಿಲ್ಲ. ಎರಡನೆಯವು ಮೂರೂ ನನ್ನ ಕೈಯಲ್ಲಿದ್ದುವು, ಮೂರರಲ್ಲಿಯೂ ತಪ್ಪಿದೆನು.

ಮೂವತ್ತಕ್ಕೂ ಹೆಚ್ಚು ವರ್ಷ ಕೆಂಪು ಮಸಿಯ ಲೇಖನಿಯನ್ನು ಹಿಡಿದು ಮಕ್ಕಳ ಪುಸ್ತಕಗಳನ್ನು ತಿದ್ದಿದವನು ನಾನು. “ನಾಳೆ ತಿದ್ದಿ ತರುತ್ತೇನೆ” ಎಂದ ಹುಡುಗನನ್ನು ಎಂದೂ ಮನ್ನಿಸಿದವನಲ್ಲ. ಅದೇ ಬೆರಳಿನಿಂದ ನಾಲ್ಕು ತಿಂಗಳು ‘ಆಮೇಲೆ’ ಎಂದು ಒತ್ತಿದೆನಲ್ಲ! ಪರರನ್ನು ತಿದ್ದುವ ವೃತ್ತಿಯಲ್ಲಿ ಬಹುಕಾಲವಿದ್ದವನಿಗೆ ತಾನು ತಿದ್ದಿಸಿಕೊಳ್ಳುವುದು ಎಲ್ಲರಿಗಿಂತ ಕಷ್ಟವೆಂದು ತೋರುತ್ತದೆ.

ಮಳೆ ಬಿಟ್ಟ ಒಂದು ಸಂಜೆ ನೆರೆಮನೆಗೆ ಹೋಗಿ, ತಪ್ಪು ನನ್ನದೆಂದು ಹೇಳಿ, ಆ ದಿನದ ಕೂಲಿಯನ್ನು ತಂದೆಯ ಮುಂದಿಟ್ಟೆನು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಹುಡುಗಿಯು ಮಾತ್ರ ನಗುತ್ತ, ಪ್ರತಿ ತಿಂಗಳೂ ಒಂದು ಆದಿತ್ಯವಾರ ಬಂದು ನನಗೆ ನೆನಪಿಸುವೆನೆಂದಳು. ಈಗ ಹಾಗೆಯೇ ನಡೆಯುತ್ತಿದೆ. ಅವಳು ಬಂದು, “ಮಾಸ್ಟ್ರಜ್ಜ, ಆಯಿತೋ?” ಎಂದು ಕೇಳುವಾಗ ನಾನು ವಿದ್ಯಾರ್ಥಿಯಂತೆ ಎದ್ದು ನಿಲ್ಲುತ್ತೇನೆ.